ಬಿಲ್ಲೆಯ ಕೆಳಗಿನ ಜಾಗ

ಏಳುಗುಂಡಿನ ಗುಡ್ಡದ ಪಡುವಣ ಮಗ್ಗುಲಿಗೆ ಕಣ ವಿಜ್ಞಾನ ಕೇಂದ್ರ, ಮೂಡಣ ಮಗ್ಗುಲಿಗೆ ಅದರ ನೌಕರರ ಕಾಲೊನಿ. ನಡುವೆ ಇಡೀ ಗುಡ್ಡ. ಅದೂ ಕೊಪ್ಪಳ ಸೀಮೆಯ ಕಲ್ಲುಗುಡ್ಡ, ಉಳಿ ಇಟ್ಟರೆ ಉಳಿಯೇ ಮೊಂಡಾಗಬೇಕು. ಆ ಕಡೆ ಪ್ರೋಟಾನ್ ಕಣಗಳ ಧಾರೆಯಾದ ಬೀಮು ಎಷ್ಟೇ ಆರ್ಭಟಿಸಲಿ, ಈ ಕಡೆ ಮಕ್ಕಳು ಮರಳಲ್ಲಿ ಆಡಿಕೊಂಡಿರಬಹುದು ಎಂದು ಕಟ್ಟಿದವರ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನ್ಯೂಟ್ರಾನ್ ಎಂಬ ಕಣ ಎರಡಾಳು ದಪ್ಪದ ಕಲ್ಲು ದಾಟುವುದೇ ಕಷ್ಟ, ಗುಡ್ಡ ದಾಟುವ ಮಾತೆಲ್ಲಿ ಬಂತು?

ನೀಲಾಂಬಿಕಾ ಪಟ್ಟಣಶೆಟ್ಟಿ ಈ ಕೇಂದ್ರದ ವಿಕಿರಣ ಸುರಕ್ಷತಾ ಅಧಿಕಾರಿ. ಕೇಂದ್ರದೊಳಗೆ ಕಾಲಿಡುವವರೆಲ್ಲ ಎದೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಬ್ಯಾಡ್ಜು, ಊರವರ ಮಾತಿನಲ್ಲಿ ಬಿಲ್ಲೆ, ಸಿಕ್ಕಿಸಿಕೊಳ್ಳಬೇಕು. ಮೈಗೆ ತಾಗಿದ ವಿಕಿರಣವೆಷ್ಟು ಎಂಬುದನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅವನ್ನೆಲ್ಲ ಕಲೆಹಾಕಿ ಓದುವುದು ನೀಲಾಂಬಿಕಾಳ ಕೆಲಸ. ಆದರೆ ಬ್ಯಾಡ್ಜಿಗೆ ತನ್ನವರು ಪರರು ಎಂಬ ಭೇದವಿಲ್ಲ. ಕೇಂದ್ರದ ವಿಕಿರಣದ ಜೊತೆಗೆ ನೆಲದ ಕಲ್ಲಿನದು, ಆಕಾಶದ್ದು ಎಲ್ಲವನ್ನೂ ನುಂಗಿ ಕೂತಿರುತ್ತದೆ. ಆ ಹೊರಗಿನ ಪಾಲನ್ನು ಕಳೆಯಲೆಂದೇ ಒಂದು ಬ್ಯಾಡ್ಜನ್ನು ಯಾರಿಗೂ ಕೊಡದೆ, ಕೇಂದ್ರದ ಸೋಂಕೇ ಇಲ್ಲದ ಕಡೆ ತೂಗುಹಾಕುತ್ತಾರೆ. ಅದು ಕಂಟ್ರೋಲ್ ಬ್ಯಾಡ್ಜು. ಅದರಲ್ಲಿ ಎಷ್ಟು ಬಂತೋ ಅಷ್ಟನ್ನು ಎಲ್ಲರ ಬ್ಯಾಡ್ಜಿನಿಂದಲೂ ಕಳೆದರೆ ಉಳಿಯುವುದೇ ಅವರವರು ಕೇಂದ್ರದಲ್ಲಿ ಉಂಡದ್ದು.

ಅಂಥ ಸೋಂಕಿಲ್ಲದ ಜಾಗಕ್ಕಾಗಿ ನೀಲಾಂಬಿಕಾ ಬಹಳ ಯೋಚಿಸಲಿಲ್ಲ. ಕಾಲೊನಿಯ ಶಿಶುವಿಹಾರ ಗುಡ್ಡದ ಬೆನ್ನಿಗಿತ್ತು. ಮಗಳು ಇಂಚರಾ ಅಲ್ಲಿಗೇ ಹೋಗುತ್ತಿದ್ದಳು. ಬಿಡಲು ಹೋದಾಗ ಬ್ಯಾಡ್ಜನ್ನೂ ಒಮ್ಮೆ ನೋಡಿ ಬಂದರಾಯಿತು. ತಾನೇ ಮೊಳೆ ಹೊಡೆದು, ತಾನೇ ತೂಗುಹಾಕಿ, ಆಯಾ ಹುಲಿಗೆವ್ವನಿಗೆ "ಇದನ್ನ ಯಾರೂ ಮುಟ್ಟಬಾರದು, ಭಾಳ ಮುಖ್ಯದ್ದು" ಎಂದು ಹೇಳಿದ್ದಳು. ಹುಲಿಗೆವ್ವ ಕೈಮುಗಿದಿದ್ದಳು. ಕೈಮುಗಿದದ್ದು ಯಾರಿಗೆ, ತನಗೋ ಬ್ಯಾಡ್ಜಿಗೋ ಎಂದು ನೀಲಾಂಬಿಕಾ ಆಗ ನೋಡಿರಲಿಲ್ಲ.

ಕೇಂದ್ರದ ಪ್ರಯೋಗ ಇಡೀ ಜಗತ್ತು ಕಣ್ಣಿಟ್ಟಿದ್ದ ಪ್ರಯೋಗ. ಪ್ರೋಟಾನ್‌ಗಳನ್ನು ಭರ್ತಿ ವೇಗಕ್ಕೆ ಏರಿಸಿ ಟಂಗ್‌ಸ್ಟನ್ ಗಟ್ಟಿಗೆ ಗುದ್ದಿಸಿದರೆ ನ್ಯೂಟ್ರಾನ್‌ಗಳು ಚಿಮ್ಮುತ್ತವೆ. ಅವನ್ನು ತಣಿಸಿ, ನಿಧಾನ ಮಾಡಿ, ಗುಡ್ಡದ ಕಡೆಗೆ ಮುಖ ಮಾಡಿದ ಉದ್ದನೆಯ ಕೊಳವೆಯೊಳಗೆ ಬಿಡುತ್ತಾರೆ. ಕೊಳವೆಯ ಈ ತುದಿಯಲ್ಲಿ ಎಣಿಕೆ, ಆ ತುದಿಯಲ್ಲಿ ಎಣಿಕೆ. ದಾರಿಯಲ್ಲಿ ಕೆಲವು ನ್ಯೂಟ್ರಾನ್‌ಗಳು ನಮ್ಮ ಲೋಕದ ಯಾವ ವಸ್ತುವನ್ನೂ ಮುಟ್ಟದ, ಯಾವ ವಸ್ತುವಿಗೂ ಸಿಗದ ನೆರಳು ನ್ಯೂಟ್ರಾನ್‌ಗಳಾಗಿ ಮಾರ್ಪಡುತ್ತವೆ ಎಂಬುದು ನಿರ್ದೇಶಕ ಡಾ. ವಾದಿರಾಜ ಉಪಾಧ್ಯರು ಅರ್ಧ ಆಯುಸ್ಸು ಸವೆಸಿದ ಸಿದ್ಧಾಂತ. ಕಳೆದ ವರ್ಷ ಬೀಮಿನ ತೀವ್ರತೆಯನ್ನು ಏರಿಸಿದ ಮೇಲೆ ಅದು ಕೊನೆಗೂ ಕಂಡಿತು. ಆ ತುದಿಗೆ ತಲುಪಿದ ಎಣಿಕೆ ನಿಸ್ಸಂದೇಹವಾಗಿ ಕಡಿಮೆ ಬಂತು. ಪೇಪರಿನವರು ಬಂದರು, ಹಾರ ಬಂತು, ಕ್ಯಾಂಟೀನಿನಲ್ಲಿ ಹೋಳಿಗೆಯಾಯಿತು. ನ್ಯೂಟ್ರಾನ್ ಕಳೆದುಹೋದದ್ದಕ್ಕೆ ಇಷ್ಟು ಸಂಭ್ರಮಪಟ್ಟ ಜನ ಇನ್ನೆಲ್ಲೂ ಸಿಕ್ಕಲಾರರು. ಕಳೆದವು ಎಲ್ಲಿ ಹೋದವು ಎಂದು ಕೇಳಿದರೆ ಉಪಾಧ್ಯರು ಕೈ ಬೀಸಿ, "ಎಲ್ಲೋ ಬಹುದೂರ ಹೋಗಿ, ಬಯಲಲ್ಲಿ ಚದುರಿ ಮತ್ತೆ ನ್ಯೂಟ್ರಾನ್ ಆಗಬಹುದು. ಅಳೆಯುವಷ್ಟು ಇರುವುದಿಲ್ಲ" ಎನ್ನುತ್ತಿದ್ದರು.

ಅದೇ ವರ್ಷ ನೀಲಾಂಬಿಕಾಳಿಗೂ ಒಂದು ಪ್ರಶಸ್ತಿ ಫಲಕ ಸಿಕ್ಕಿತು. ಬೀಮು ಅಷ್ಟು ಏರಿದರೂ ನೌಕರರ ವಿಕಿರಣ ಏರಿರಲಿಲ್ಲ, ಇಳಿದಿತ್ತು. ಎಷ್ಟೋ ಮಂದಿಯ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು. ಸೊನ್ನೆಗಿಂತ ಕಡಿಮೆ ವಿಕಿರಣ ಎಂಬುದು ಯಾವ ಮೈಯಲ್ಲೂ ಇರಲಾರದು. ಅಂಥಲ್ಲೆಲ್ಲ ಸೊನ್ನೆ ಎಂದೇ ಬರೆಯುವುದು ರೂಢಿ. ಅವಳೂ ಬರೆದಳು. ಆ ಸೊನ್ನೆಗಳಿಗೇ ಸುರಕ್ಷತಾ ಫಲಕ ಬಂದದ್ದು. ಫಿಟ್ಟರ್ ಹುಸೇನಸಾಬ ನಗುತ್ತ, "ಮೇಡಂ, ಒಳಗ ಹೋಗಿ ಬಂದಷ್ಟೂ ನಮ್ಮ ಮೈ ಸ್ವಚ್ಛ ಆಕ್ಕೈತೇನ್ರಿ? ಹಂಗಿದ್ರ ನನ್ನ ಹೇಣ್ತಿನೂ ಕರಕೊಂಡು ಬರ್ತೀನಿ" ಎಂದಿದ್ದ. ಅವಳೂ ನಕ್ಕಿದ್ದಳು.

ಈ ಸಲ ಮಾತ್ರ ನಗು ಬರಲಿಲ್ಲ. ಹುಸೇನಸಾಬ ಟಂಗ್‌ಸ್ಟನ್ ಗಟ್ಟಿಯ ಪಕ್ಕದಲ್ಲೇ ನಿಂತು ಕವಾಟ ಬದಲಿಸಿ ಬಂದಿದ್ದ. ಅವನಿಗೆ ಸ್ವಲ್ಪವಾದರೂ ತಾಗಲೇಬೇಕಿತ್ತು. ಅವನದೂ ಸೊನ್ನೆಗಿಂತ ಕೆಳಗೆ ಇಳಿದಿತ್ತು. ಅವಳು ಕಳೆಯುವ ಮುಂಚಿನ ಅಂಕಿಗಳನ್ನು ತೆರೆದು ನೋಡಿದಳು. ಹುಸೇನಸಾಬನದು ಇರಬೇಕಾದಷ್ಟೇ ಇತ್ತು. ಎಲ್ಲರಿಗಿಂತ ಹೆಚ್ಚು ವಿಕಿರಣ ಉಂಡಿದ್ದ ಬ್ಯಾಡ್ಜು ಬೇರೆಯದು. ಅದು ಶಿಶುವಿಹಾರದ ಗೋಡೆಯ ಮೇಲಿನದು.

ಮನುಷ್ಯರ ಬುದ್ಧಿಗೆ ಮೊದಲು ಹೊಳೆಯುವುದು ಇನ್ನೊಬ್ಬರ ತಪ್ಪು. ನೀಲಾಂಬಿಕಾ ನೇರ ಶಿಶುವಿಹಾರಕ್ಕೆ ಹೋಗಿ ಹುಲಿಗೆವ್ವನನ್ನು ಹಿಡಿದಳು.

"ಬಿಲ್ಲಿ ಎಲ್ಲಿಗೆ ಒಯ್ದಿದ್ದಿ? ಖರೇ ಹೇಳು."

"ಯವ್ವಾ, ನಾ ಯಾಕ ಒಯ್ಲಿ ಅಕ್ಕಾರ? ನೀವು ಹೊಡೆದ ಮೊಳಿಮ್ಯಾಲೇ ಐತಿ. ದಿನಾ ಧೂಳ ಒರಸ್ತೀನಿ, ಅಷ್ಟ."

"ಸುಳ್ಳ ಹೇಳಬ್ಯಾಡ. ಗೋಡಿಮ್ಯಾಲಿನ ಬಿಲ್ಲಿ ತಾನ ಎದ್ದು ಗುಡ್ಡಾ ದಾಟಿ ಹೋಗಿ ಬರತೈತೇನು? ನಿನ್ನ ಮಗ ಅಲ್ಲೇ ಕೆಲಸ ಮಾಡ್ತಾನ. ಅವನ ಕೈಯಾಗ ಕೊಟ್ಟಿರಬೇಕು."

ಹುಲಿಗೆವ್ವನ ಕಣ್ಣಲ್ಲಿ ನೀರು ಬಂತು. "ತಾಯಿ ಹುಲಿಗೆಮ್ಮನ ಆಣಿ ಮಾಡ್ತೀನ್ರಿ. ಅದು ಈ ಮಕ್ಕಳನ್ನ ಬಿಟ್ಟು ಒಂದಿನಾನೂ ಹೊರಗ ಹೋಗಿಲ್ಲ."

ನೀಲಾಂಬಿಕಾ ನ್ಯೂಟ್ರಾನ್ ಮಾಪಕವನ್ನು ತಂದು ಕೋಣೆಯಲ್ಲೆಲ್ಲ ತಿರುಗಿಸಿ ನೋಡಿದಳು. ಬಿಳಿಯ ಕುಂಬಳಕಾಯಿಯಂಥ ತಲೆಯ ಆ ಯಂತ್ರ ಸೊಲ್ಲೆತ್ತಲಿಲ್ಲ. ಆ ವಾರ ಬೀಮು ದುರಸ್ತಿಗೆಂದು ನಿಂತಿತ್ತು ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ, ಬ್ಯಾಡ್ಜೇ ಕೆಟ್ಟಿರಬೇಕು ಎಂದುಕೊಂಡು ನಿರಾಳವಾಗಿ ಮನೆಗೆ ಹೋದಳು. ಗುಡ್ಡದ ಈಚೆಗೆ ನ್ಯೂಟ್ರಾನ್ ಇರಲು ಸಾಧ್ಯವಿಲ್ಲ ಎಂಬುದು ಅವಳಿಗೆ ಓದಿನಿಂದ ಬಂದ ನಂಬಿಕೆ. ಅಂಥ ನಂಬಿಕೆ ಕೀಳಲು ಹಾರೆಯೇ ಬೇಕು.

ಮನೆಯಲ್ಲಿ ಇಂಚರಾ ಮತ್ತೆ ಮಲಗಿದ್ದಳು. ಮಳೆಗಾಲ ಮುಗಿದ ಮೇಲೆ ಇದು ಎಷ್ಟನೆಯ ಜ್ವರವೋ. ಗಂಟಲು ನೋವು ವಾಸಿಯಾದರೆ ಕಿವಿ, ಕಿವಿ ವಾಸಿಯಾದರೆ ಮತ್ತೆ ಗಂಟಲು. ಮೊಣಕಾಲಿನ ಮೇಲೆ ಎಲ್ಲೂ ಬೀಳದೆಯೇ ಎದ್ದ ನೀಲಿ ಕಲೆಗಳು. ತಾಲ್ಲೂಕಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ ಗಂಡ ಶಿವಯೋಗಿ ಮಗಳಿಗೆ ಗಂಜಿ ಕುಡಿಸಿ ಬಂದು ಊಟಕ್ಕೆ ಕೂತ. ಹೆಂಡತಿಯ ಮುಖ ಬಾಡಿದ್ದು ಕಂಡು ನಗಿಸಲು ನೋಡಿದ.

"ಏನ್ ನೀಲಾ, ನಿಮ್ಮ ನ್ಯೂಟ್ರಾನ್ ಸಿಕ್ಕುವೇನು?"

"ಅವು ಸಿಗೂವಲ್ರಿ. ಕಳಿಯೂವು."

"ನಮ್ಮವ್ವನ ಕಾಲದಾಗ ಮನಿಯಾಗಿನ ಸೌಟು ಕಳದ್ರ ಮದಲು ನೆರಿಮನ್ಯಾಗ ಹುಡುಕ್ತಿದ್ರು. ನಿಮ್ಮ ಉಪಾಧ್ಯರು ಗ್ವಾಡಿ ಆಚೆಗೆ ಇಣುಕಿ ನೋಡ್ಯಾರೋ ಇಲ್ಲೋ?"

ಅವನು ನಕ್ಕ. ನೀಲಾಂಬಿಕಾಳ ಕೈಯ ರೊಟ್ಟಿ ಹಾಗೆಯೇ ನಿಂತಿತು. ಕೊಳವೆಯ ಮುಖ ಗುಡ್ಡದ ಕಡೆಗೆ. ಯಾವ ವಸ್ತುವನ್ನೂ ಮುಟ್ಟದ ಕಣಕ್ಕೆ ಗುಡ್ಡವೂ ಒಂದೇ, ಗಾಳಿಯೂ ಒಂದೇ. ಅದು ಬಹುದೂರ ಹೋಗದೆ, ಗುಡ್ಡ ದಾಟಿದ ಮರುಗಳಿಗೆಯಲ್ಲೇ ಮತ್ತೆ ನ್ಯೂಟ್ರಾನ್ ಆಗಿಬಿಟ್ಟರೆ? ಊಟ ಬಿಟ್ಟು ಎದ್ದವಳನ್ನು ಶಿವಯೋಗಿ ಏನಾಯಿತೆಂದು ಕೇಳುತ್ತಲೇ ಇದ್ದ.

ಬೀಮು ಮತ್ತೆ ಶುರುವಾದ ದಿನ ಮಧ್ಯಾಹ್ನ ಅವಳು ಮಾಪಕ ಹಿಡಿದು ಶಿಶುವಿಹಾರದ ಬಾಗಿಲಲ್ಲಿ ನಿಂತಿದ್ದಳು. ಊಟವಾಗಿ ಮಕ್ಕಳು ಚಾಪೆಗಳ ಮೇಲೆ ನಿದ್ದೆ ಹೋಗಿದ್ದವು. ಇಂಚರಾ ಜ್ವರವೆಂದು ಮನೆಯಲ್ಲೇ ಇದ್ದಳು. ಗುಂಡಿ ಒತ್ತಿದ್ದೇ ತಡ, ಮಾಪಕ ಟಿಕ್ ಟಿಕ್ ಎನ್ನತೊಡಗಿತು. ಒಳಗೆ ಹೆಜ್ಜೆ ಇಟ್ಟಂತೆ ಟಿಕ್‌ಟಿಕ್ ದಟ್ಟವಾಯಿತು. ಬ್ಯಾಡ್ಜು ತೂಗುಹಾಕಿದ್ದ ಮೂಲೆಯಲ್ಲಂತೂ ಎಣಿಸಲಾಗದಷ್ಟು.

ಮಕ್ಕಳಿಗೆ ಬೀಸಣಿಗೆ ಬೀಸುತ್ತಿದ್ದ ಹುಲಿಗೆವ್ವ ತಲೆ ಎತ್ತಿದಳು. "ಹಲ್ಲಿ ನುಡಿದಂಗ ನುಡೀತೈತಲ್ರಿ" ಎಂದು ಅಭ್ಯಾಸಬಲದಿಂದ ಬೆರಳಲ್ಲಿ ನೆಲ ಕುಟ್ಟಿ, "ಕೃಷ್ಣ ಕೃಷ್ಣ" ಎಂದಳು.

ನೀಲಾಂಬಿಕಾ ಫೋನು ತೆಗೆದು ನಿಯಂತ್ರಣ ಕೊಠಡಿಗೆ ಹಚ್ಚಿದಳು. "ಬೀಮ್ ನಿಲ್ಸ್ರಿ. ಈಗಿಂದೀಗ."

ಆ ಕಡೆಯ ಆಪರೇಟರ್ ತಡವರಿಸಿದ. "ಮೇಡಂ, ಈಗಷ್ಟ ಸ್ಥಿರ ಆಗೈತಿ. ಉಪಾಧ್ಯ ಸರ್‌ನ ಒಂದ್ ಮಾತು ಕೇಳಿ..."

"ಕೇಳಬ್ಯಾಡ್ರಿ! ಮಕ್ಕಳ ಮ್ಯಾಲೆ ಬೀಳಾಕತ್ತೈತಿ, ನಿಲ್ಸ್ರಿ!"

"ನಿಲ್ಲಿಸಿದೆ ಮೇಡಂ" ಎಂದ. ಅವನು ಆ ಮಾತು ಆಡಿ ಮುಗಿಸಿದ ಮೇಲೂ ಮಾಪಕ ಒಂದು ಉಸಿರಿನ ಹೊತ್ತು ಟಿಕ್‌ಟಿಕ್ ಎಂದು, ಆಮೇಲೆ ಥಟ್ಟನೆ ಮೌನವಾಯಿತು. ನಿಧಾನದ ಕಣಗಳು ಗುಡ್ಡ ದಾಟಿ ಬರಲು ಬೇಕಾದಷ್ಟು ಹೊತ್ತು ಅದು. ಅವಳಿಗೆ ಇನ್ನಾವ ಪುರಾವೆಯೂ ಬೇಕಿರಲಿಲ್ಲ.

ಸುರಕ್ಷತಾ ಅಧಿಕಾರಿಯ ಕೈಯಲ್ಲಿ ಒಂದು ಕೀಲಿಯಿರುತ್ತದೆ. ನಿಯಂತ್ರಣ ಫಲಕದಲ್ಲಿ ಅದು ಇಲ್ಲದಿದ್ದರೆ ಬೀಮು ಏಳುವುದಿಲ್ಲ. ಅವಳು ಅಂದೇ ಹೋಗಿ ಅದನ್ನು ಕಿತ್ತು, ಸೀರೆಯ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಉಪಾಧ್ಯರ ಕೊಠಡಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದಳು. ಮುದುಕರ ಮುಖ ಬಿಳಿಚಿತು. ಕುರ್ಚಿಯ ಕೈ ಹಿಡಿದುಕೊಂಡರು.

"ಎಷ್ಟು ಸಮಯದಿಂದ?" ಎಂದರು.

"ಬೀಮ್ ಏರಿಸಿದ ದಿನದಿಂದ, ಸರ್."

"ದೇವರೇ. ನಾನು ಬಯಲಿಗೆ ಹೋಗ್ತವೆ ಅಂದುಕೊಂಡಿದ್ದೆ." ಕಣ್ಣೊರೆಸಿಕೊಂಡರು. ಆಮೇಲೆ, ತಮ್ಮನ್ನು ತಾವೇ ತಡೆಯಲಾಗದವರಂತೆ, "ನಿಲ್ಲಿಸಿದ ಮೇಲೂ ಒಂದು ಕ್ಷಣ ಬಂತು ಅಂದಿರಲ್ಲ, ಸರಿಯಾಗಿ ಎಷ್ಟು ಹೊತ್ತು?" ಎಂದು ಕೇಳಿದರು. ಕೇಳಿದ್ದಕ್ಕೆ ತಾವೇ ನಾಚಿ ತಲೆ ತಗ್ಗಿಸಿದರು. ನೀಲಾಂಬಿಕಾಳಿಗೆ ಅವರ ಮೇಲೆ ಬಂದ ಸಿಟ್ಟು ಅಲ್ಲಿಗೇ ಸತ್ತಿತು. ತಾನಾದರೂ ಏನು? ತಿಂಗಳಾನುಗಟ್ಟಲೆ ಆ ಮಕ್ಕಳಿಗೆ ತಾಗಿದ್ದನ್ನು ಎಲ್ಲರ ಲೆಕ್ಕದಿಂದ ಕಳೆದು, ಫಲಕ ತಗೊಂಡು ಗೋಡೆಗೆ ಹಾಕಿಕೊಂಡವಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಗೆ ಗೂಟ ಹೊಡೆದವಳು ಅವಳೇ.

ಮಕ್ಕಳನ್ನೆಲ್ಲ ಆಸ್ಪತ್ರೆಗೆ ಕರೆದೊಯ್ದು ರಕ್ತ ತೆಗೆದರು. ಅಪ್ಪ ಅಮ್ಮಂದಿರು ವರಾಂಡದಲ್ಲಿ ನಿಂತಿದ್ದರು. ಕೆಲವರು ಅವಳನ್ನು ಬೈದರು, ಕೆಲವರು ಬೈಯದೆ ಮುಖ ತಿರುಗಿಸಿದರು. ಇಂಚರಾ ಸೂಜಿಗೆ ಅಳಲೂ ಇಲ್ಲ, ಅಷ್ಟು ರೂಢಿಯಾಗಿತ್ತು ಅವಳಿಗೆ. ವೈದ್ಯರು ನೀಲಾಂಬಿಕಾಳನ್ನು ಪಕ್ಕಕ್ಕೆ ಕರೆದರು.

"ರಕ್ತ ನೋಡಿದ್ರ ಎಲ್ಲಾರಿಗೂ ಒಂದೀಟು ತಾಗಿದ್ದು ಗೊತ್ತಾಕ್ಕೈತಿ. ಆದ್ರ ಯಾವ ಮಗೂಗ ಎಷ್ಟು ಅನ್ನೂದು ಇದರಾಗ ತಿಳಿಯೂದಿಲ್ಲ. ಒಂದ್ ಮಿತಿ ಐತ್ರಿ. ಅದರ ಕೆಳಗ ಇದ್ರ ವರ್ಷಾ ತಪಾಸಣಿ ಮಾಡಸ್ಕೋತ ಹೋದ್ರ ಸಾಕು. ಮ್ಯಾಲ ಇದ್ರ ಆ ಮಗೂನ ಬೆಂಗಳೂರಿಗೆ ಒಯ್ದು, ಎಲುಬಿನೊಳಗಿನ ಮಜ್ಜಿನ ಬದಲಿ ಮಾಡೂ ತಯಾರಿ ಈಗಿಂದನ ಮಾಡಬೇಕು. ಅದೂ ಸಣ್ಣ ಕೆಲಸ ಅಲ್ರಿ, ಕೂಸಿನ ಜೀವಕ್ಕ ಅಪಾಯ ಇರತೈತಿ. ಸುಮ್ಮಸುಮ್ಮನ ಯಾರಿಗೂ ಮಾಡಾಕ ಬರೂದಿಲ್ಲ. ನೀವ ಲೆಕ್ಕಾ ಹಾಕಿ ಹೇಳ್ರಿ, ಯಾರಿಗೆ ಎಷ್ಟು."

ಲೆಕ್ಕ ಹಾಕಲು ಇದ್ದದ್ದು ಗೋಡೆಯ ಮೇಲಿನ ಒಂದೇ ಒಂದು ಬ್ಯಾಡ್ಜು. ಕೋಣೆಯ ಒಂದು ಮೂಲೆಗೂ ಇನ್ನೊಂದಕ್ಕೂ ಅಜಗಜಾಂತರವಿದ್ದದ್ದನ್ನು ಅವಳು ಮಾಪಕದಲ್ಲೇ ಕೇಳಿದ್ದಳು. ಉಪಾಧ್ಯರು ಮನೆಗೇ ಬಂದರು. ಹೊಸ್ತಿಲಾಚೆಯೇ ನಿಂತು ಹೇಳಿದರು.

"ನೀಲಾಂಬಿಕಾ, ನಿಮಗೂ ಗೊತ್ತುಂಟು, ದಾರಿ ಒಂದೇ. ಮಕ್ಕಳು ಮಲಗ್ತಿದ್ದ ಜಾಗದಲ್ಲೆಲ್ಲ ನೀರಿನ ಕ್ಯಾನ್ ಇಟ್ಟು, ಒಳಗೆ ಮಾಪಕ ಇಳಿಸಿ, ಒಮ್ಮೆ ಬೀಮ್ ಹಾಕಬೇಕು. ನೀರಿಗೆ ಎಷ್ಟು ತಾಗ್ತದೋ ಮಕ್ಕಳ ಮೈಗೂ ಅಷ್ಟೇ ತಾಗಿರ್ತದೆ. ಕೀಲಿ ನಿಮ್ಮ ಹತ್ರ ಇದೆ. ನಾನು ಕೇಳ್ತಾ ಇರುವುದು ಪ್ರಯೋಗಕ್ಕಾಗಿ ಅಲ್ಲ."

"ನಿಮ್ಮ ಪ್ರಯೋಗದ ಉಳಿದ ಅರ್ಧಾನೂ ಅದರಾಗ ಆಗತೈತಲ್ಲ ಸರ್. ಕಳೆದದ್ದು ಸಿಕ್ಕಿತು ಅಂತ."

"ಆಗ್ತದೆ" ಎಂದರು ಉಪಾಧ್ಯರು. ಅವರು ಸುಳ್ಳಾಡಲಿಲ್ಲ. "ಅದಕ್ಕೆ ನನ್ನನ್ನು ಕ್ಷಮಿಸಬೇಡಿ."

ಆ ಬೀಮನ್ನು ಇನ್ನೆಂದೂ ಏಳಲು ಬಿಡೆನೆಂದು ನೀಲಾಂಬಿಕಾ ಮಗಳ ತಲೆ ಮುಟ್ಟಿ ಹೇಳಿಕೊಂಡಿದ್ದಳು. ಬಿಡದಿದ್ದರೆ ಮಗಳು ವೈದ್ಯರು ಹೇಳಿದ ಮಿತಿಯ ಯಾವ ಕಡೆಯಿದ್ದಾಳೆಂದು ತಿಳಿಯುವಂತಿಲ್ಲ. ಒಳಗೆ ಶಿವಯೋಗಿ ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಅವಳು ಸೆರಗಿನ ಗಂಟು ಬಿಚ್ಚಿದಳು.

ಕಾಲೊನಿಯನ್ನು ಪೂರ್ತಿ ಖಾಲಿ ಮಾಡಿಸಿದರು. ಮಕ್ಕಳ ತೂಕಕ್ಕೆ ತಕ್ಕ ನೀರಿನ ಕ್ಯಾನುಗಳು ಬಂದವು. ಯಾವ ಮಗು ಎಲ್ಲಿ ಮಲಗುತ್ತಿತ್ತು ಎಂದು ಬಲ್ಲವಳು ಹುಲಿಗೆವ್ವ ಒಬ್ಬಳೇ. ಸಂಜೆಗೆ ಬಂದು ಕರೆದೊಯ್ಯುವ ತಾಯಂದಿರು ಮಧ್ಯಾಹ್ನದ ನಿದ್ದೆ ಕಂಡವರಲ್ಲ. ಅವಳನ್ನು ಸುಳ್ಳಿಯೆಂದು ಬೈದ ಬಾಯಿಂದಲೇ ನೀಲಾಂಬಿಕಾ ಬಾ ಎಂದು ಬೇಡಿ ಕರೆತಂದಳು.

ಹುಲಿಗೆವ್ವ ಚಾಪೆಗಳನ್ನು ಹಾಸಿದಳು. ಒಂದೊಂದೇ ಕ್ಯಾನನ್ನು ಮಗುವನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ ಇಟ್ಟಳು. "ಇದು ರಜಾಕನ ಜಾಗ, ಕಿಟಕಿ ಇಲ್ಲಂದ್ರ ನಿದ್ದಿ ಹತ್ತೂದಿಲ್ಲ ಅವಗ. ಇದು ಅವಳಿಜವಳಿ ಹುಡುಗರದು, ಒಬ್ಬನ ಕಾಲು ಇನ್ನೊಬ್ಬನ ಮ್ಯಾಲ." ಇಟ್ಟ ಪ್ರತಿ ಕ್ಯಾನಿನ ಮೇಲೂ ರೂಢಿಯಂತೆ ಆ ಮಗುವಿನ ಚಾದರ ಹೊದಿಸುತ್ತಿದ್ದಳು. ತಂತ್ರಜ್ಞರು ಬೇಡವೆನ್ನಲಿಲ್ಲ. ಕೊನೆಗೊಂದು ಕ್ಯಾನು ಉಳಿಯಿತು.

"ಇಂಚರಾದು?" ಎಂದಳು ನೀಲಾಂಬಿಕಾ.

ಹುಲಿಗೆವ್ವ ಮೂಲೆಗೆ ನಡೆದಳು. ಬ್ಯಾಡ್ಜಿನ ಮೊಳೆ ಇನ್ನೂ ಗೋಡೆಯಲ್ಲಿತ್ತು. ಅದರ ನೇರ ಕೆಳಗೆ ಕ್ಯಾನಿಟ್ಟು, ಹಳದಿ ಹೂವಿನ ಚಾದರ ಹೊದಿಸಿ, ಅಂಚುಗಳನ್ನು ಒಳಗೆ ಸಿಕ್ಕಿಸಿದಳು.

"ಮದಲು ಆ ಕಡೆ ಮಲಗ್ತಿತ್ರಿ ಅಕ್ಕಾರ. ಪದೇ ಪದೇ ಜ್ವರಾ ಬರಾಕತ್ತಿದ ಮ್ಯಾಲೆ ನಾನ ಇಲ್ಲಿ ತಂದು ಮಲಗಿಸಿದೆ. ನೀವ ಹೇಳಿದ್ರಲ್ಲ, ಭಾಳ ಮುಖ್ಯದ ಬಿಲ್ಲಿ ಅಂತ. ನನ್ನ ಮಗನೂ ದಿನಾ ಎದಿಮ್ಯಾಲೆ ಹಚ್ಚಿಕೊಂಡು ಹೋಗ್ತಾನ. ತಾಯ್ತಾ ಇದ್ದಂಗ, ಅದರ ಕೆಳಗಿದ್ರ ಏನೂ ತಾಗೂದಿಲ್ಲ ಅನಕೊಂಡೆ. ಕೂಸಿಗೆ ಜ್ವರಾ ಹೆಚ್ಚಾದಂಗ ಇನ್ನೂ ಗ್ವಾಡಿಗೆ ಸರಿಸಿ ಮಲಗಿಸ್ತಿದ್ದೆ."

ಬ್ಯಾಡ್ಜು ಯಾರನ್ನೂ ಕಾಯುವುದಿಲ್ಲ, ತಾಗಿದ್ದನ್ನು ಎಣಿಸುತ್ತದೆ ಅಷ್ಟೇ ಎಂದು ಆ ಮುದುಕಿಗೆ ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಬೇಕೆಂದು ನೀಲಾಂಬಿಕಾಳಿಗೆ ತೋಚಿಯೇ ಇರಲಿಲ್ಲ. ಹುಲಿಗೆವ್ವ ಅವಳ ಮುಖ ನೋಡಿದಳು, ಮೊಳೆ ನೋಡಿದಳು, ಆಮೇಲೆ ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ನೀಲಾಂಬಿಕಾ ಅವಳ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಕರೆತಂದಳು.

ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ನಿಂತೇ ಇದ್ದರು. ನೀಲಾಂಬಿಕಾ ಕೀಲಿ ಹಾಕಿ ತಿರುಗಿಸಿದಳು. ಬೀಮು ಎದ್ದಿತು. ಒಂದು ಉಸಿರಿನ ಹೊತ್ತು ಪರದೆಯ ಮೇಲೆ ಏನೂ ಇಲ್ಲ. ಆಮೇಲೆ ಹೆಸರುಗಳ ಮುಂದೆ ಅಂಕಿಗಳು ಮೂಡತೊಡಗಿದವು. ಕಳೆದುಹೋದ ನ್ಯೂಟ್ರಾನ್‌ಗಳು ಮರಳಿದ್ದನ್ನು ಮನುಷ್ಯರು ಹೀಗೆ ಕಾದು ನಿಂತು ಕಂಡದ್ದು ಅದೇ ಮೊದಲು. ಹಿಂದೆ ಯಾರೋ ಒಬ್ಬ ಹುಡುಗ ವಿಜ್ಞಾನಿ ತಡೆಯಲಾರದೆ ಚಪ್ಪಾಳೆ ಹೊಡೆದ, ಎರಡನೆಯ ಚಪ್ಪಾಳೆಗೆ ಅವನ ಕೈ ಅರ್ಧದಲ್ಲೇ ನಿಂತಿತು. ಉಪಾಧ್ಯರು ಪರದೆ ನೋಡಲಾರದೆ ಗೋಡೆಗೆ ಮುಖ ಮಾಡಿದ್ದರು.

ಯಂತ್ರ ಅಂಕಿಗಳನ್ನು ಇಷ್ಟೂ ತಿಂಗಳುಗಳಿಗೆ ಗುಣಿಸಿ ತೋರಿಸಿತು. ವೈದ್ಯರ ಮಿತಿ ಕೆಂಪು ಗೆರೆಯಾಗಿ ಅಡ್ಡಕ್ಕಿತ್ತು. ರಜಾಕ ಗೆರೆಯ ಕೆಳಗೆ, ಅವಳಿಗಳು ಕೆಳಗೆ, ಒಬ್ಬೊಬ್ಬರಾಗಿ ಎಲ್ಲ ಹೆಸರುಗಳೂ ಕೆಳಗೇ ನಿಂತವು. ಇಂಚರಾಳ ಹೆಸರೊಂದೇ ಗೆರೆ ದಾಟಿ, ದಾಟಿದ ಮೇಲೂ ನಿಲ್ಲದೆ ಏರಿತು. ಅದು ನಿಂತ ಮೇಲೆ ನೀಲಾಂಬಿಕಾ ಕೀಲಿ ತಿರುಗಿಸಿ, ಕಿತ್ತು, ಉಪಾಧ್ಯರ ಮೇಜಿನ ಮೇಲಿಟ್ಟು ಹೊರಬಿದ್ದಳು.

ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಗಂಡ, ಮಗಳು ಕಾದಿದ್ದರು. ಶಿವಯೋಗಿ ಅವಳ ಮುಖ ನೋಡಿದವನೇ ಬೆಂಗಳೂರಿಗೆ ಹೋಗಲು ಬಟ್ಟೆ ತುಂಬತೊಡಗಿದ. ಇಂಚರಾ ಮಂಚದಿಂದ ಇಳಿದು ಬಂದು ತಾಯಿಯ ಸೆರಗು ಹಿಡಿದಳು.

"ಅವ್ವಾ, ನನ್ನ ಹಳದಿ ಹೂವಿನ ಚಾದರ ಎಲ್ಲೈತಿ? ಅದಿಲ್ಲಂದ್ರ ನಂಗ ನಿದ್ದಿ ಬರೂದಿಲ್ಲ."

"ತೊಳ್ಯಾಕ ಹಾಕೀನಿ ಕೂಸ" ಎಂದಳು ನೀಲಾಂಬಿಕಾ.

"ಒಣಗಿತೇನು?"

"ಇನ್ನೂ ಇಲ್ಲ" ಎಂದು ಮಗಳನ್ನು ಎತ್ತಿಕೊಂಡಳು. ಹೋದ ತಿಂಗಳಿಗಿಂತ ಹಗುರಾಗಿದ್ದಳು.